ಕಚ್ಚು ತಟ್ಟೆ

ಅಂಜಿನಮ್ಮನಿಗೆ ತಟ್ಟೆಯನ್ನು ನೋಡಬೇಕಾಗಿರಲಿಲ್ಲ, ಮುಟ್ಟಿದರೆ ಸಾಕಿತ್ತು. ಬೂದಿ ಮೆತ್ತಿದ ತೆಂಗಿನ ನಾರಿನಿಂದ ಒಂದು ಸುತ್ತು ತಿಕ್ಕಿ ಹೆಬ್ಬೆರಳನ್ನು ಅಂಚಿನ ಮೇಲೆ ಓಡಿಸುತ್ತಿದ್ದಳು. ಬೆರಳು ನುಣ್ಣಗೆ ಜಾರಿದರೆ ಆ ತಟ್ಟೆ ಬಲಗಡೆಯ ತೊಟ್ಟಿಗೆ. ಎಲ್ಲಾದರೂ ಚುರುಕ್ಕೆಂದು ಕಚ್ಚಿದರೆ ಎಡಗಡೆಯ ತೊಟ್ಟಿಗೆ. ಎಪ್ಪತ್ತು ತಟ್ಟೆ, ದಿನಕ್ಕೆ ಎರಡು ಸಲ, ಏಳು ವರ್ಷ. ಹೆಬ್ಬೆರಳಿನ ಚರ್ಮ ಸತ್ತು ದಪ್ಪಗಾಗಿತ್ತು. ಆದರೂ ಆ ಕಚ್ಚು ತಾಗಿದಾಗಲೆಲ್ಲ ಅವಳಿಗೆ ಗೊತ್ತಾಗುತ್ತಿತ್ತು.

ಕಚ್ಚು ಎಂದರೆ ಅಂಚಿನಲ್ಲಿ ಅರದಿಂದ ಕೊರೆದ ಗುರುತು. ಭತ್ತದ ಕಾಳಿನಷ್ಟು. ಕಣ್ಣಿಗೆ ಬಿದ್ದರೂ ತಟ್ಟೆ ಎಲ್ಲೋ ಬಿದ್ದು ಏಟಾಗಿದೆ ಎಂದುಕೊಳ್ಳಬೇಕು, ಅಷ್ಟೇ. ಅಂಥ ತಟ್ಟೆ ಹದಿನಾರಿದ್ದವು. ಕೇರಿಗಳಿಂದ ಬಂದ ಹುಡುಗರು, ತರೀಕೆರೆ ಕಡೆಯ ತಾಂಡಾದ ಹುಡುಗರು, ಜೊತೆಗೆ ಮೂವರು ಸಾಬರ ಹುಡುಗರು ಉಣ್ಣುತ್ತಿದ್ದುದು ಅವುಗಳಲ್ಲಿ. ಆ ಹುಡುಗರಿಗೆ ಅದು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂತು ಉಣ್ಣುವವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಮೂರೇ ಜನ: ವಾರ್ಡನ್ ಗಂಗಾಧರಯ್ಯ, ಯಾರ ಮುಂದೆ ಯಾವ ತಟ್ಟೆ ಎಂದು ನೋಡಿ ಇಡುವ ಅಡುಗೆಯ ಮಲ್ಲಿಕಾರ್ಜುನಯ್ಯ, ಮತ್ತೆ ತಟ್ಟೆ ತೊಳೆಯುವ ಅಂಜಿನಮ್ಮ.

ಕಡೂರಿನ ಆ ಕಾಲೇಜು ಹಾಸ್ಟೆಲ್ಲಿಗೆ ಸುತ್ತ ಮೂರು ಊರಲ್ಲಿ ಒಳ್ಳೆಯ ಹೆಸರಿತ್ತು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ ಎಂದು ಪೇಪರಿನಲ್ಲಿ ಬಂದಿತ್ತು. ಬಂದದ್ದು ಸುಳ್ಳೂ ಅಲ್ಲ. ಅಜ್ಜಂಪುರದ ವ್ಯಾಪಾರಸ್ಥರ ಮಗ, ಎಮ್ಮೆದೊಡ್ಡಿ ಕಾವಲಿನ ಪಕ್ಕದಲ್ಲಿ ಕುರಿ ಕಾಯುವವನ ಮಗ, ತಾಂಡಾದ ಹುಡುಗ, ಬೀರೂರಿನ ರೈಲ್ವೆ ಸಾಬರ ಹುಡುಗ, ಎಲ್ಲರೂ ತೊಡೆಗೆ ತೊಡೆ ತಾಗಿಸಿಯೇ ಕೂರುತ್ತಿದ್ದರು. ಎದುರಿನ ಗೋಡೆಯ ಮೇಲೆ ‘ನಾವೆಲ್ಲ ಒಂದೇ ತಾಯಿಯ ಮಕ್ಕಳು’ ಎಂದು ನೀಲಿ ಬಣ್ಣದಲ್ಲಿ ಬರೆಸಿದ್ದರು. ಒಂದೇ ತಾಯಿಯ ಮಕ್ಕಳಿಗೆ ತಟ್ಟೆ ತೊಳೆಯಲು ಎರಡು ತೊಟ್ಟಿ ಯಾಕೆ ಬೇಕು ಎಂದು ಕೇಳಬಲ್ಲವರು ಯಾರೂ ಹಿತ್ತಲಿಗೆ ಬರುತ್ತಿರಲಿಲ್ಲ.

ಇದು ಶುರುವಾದದ್ದು ಹಾಸ್ಟೆಲ್ ಶುರುವಾದ ವರ್ಷವೇ. ಒಂದೇ ಸಾಲಿನಲ್ಲಿ ಕೂರಿಸದಿದ್ದರೆ ಸರ್ಕಾರದ ಅನುದಾನ ಇಲ್ಲ. ಕೂರಿಸಿದ್ದಕ್ಕೆ ತರೀಕೆರೆ ಕಡೆಯ ಇಬ್ಬರು ಜಮೀನುದಾರರು ಮಕ್ಕಳ ಟ್ರಂಕು ಎತ್ತಿಕೊಂಡು ಹೋಗಲು ಬಂದರು. ಜೊತೆಗೆ ಕೂರುವುದಾದರೆ ಕೂರಲಿ, ಕಾಲ ಹಾಗಿದೆ. ಇವತ್ತು ಅವರುಂಡ ತಟ್ಟೆಯಲ್ಲಿ ನಾಳೆ ನನ್ನ ಮಗ ಉಣ್ಣುವುದು ಹೇಗೆ ಎಂಬುದು ಅವರ ತಕರಾರು. ಗಂಗಾಧರಯ್ಯ ಕೆಟ್ಟ ಮನುಷ್ಯನಲ್ಲ ಎಂದು ಊರೇ ಹೇಳುತ್ತಿತ್ತು. ಅವರು ಯಾರ ಮೇಲೂ ದನಿ ಎತ್ತಿದವರಲ್ಲ. ಬೆಣ್ಣೆಯಿಂದ ಕೂದಲು ತೆಗೆದಂತೆ ಕೆಲಸ ಮುಗಿಸಿದರು. ಹದಿನಾರು ತಟ್ಟೆಯನ್ನು ಪಾತ್ರೆ ರಿಪೇರಿಯವನ ಹತ್ತಿರ ಕಳಿಸಿದರು, ಕಚ್ಚು ಹಾಕಿಸಿದರು, ಅಂಜಿನಮ್ಮನನ್ನು ಕರೆದು ತೋರಿಸಿದರು.

“ಇದು ನಿನ್ನ ಕೈಲೇ ಇರ್ಲಿ ಕಣಮ್ಮ. ನಿಮ್ಮೋರೇ ವಿಂಗಡ್ಸಿಟ್ರೆ ನಾಳೆ ಯಾರೂ ನಮ್ಮ ಮೇಲೆ ಬೆರಳು ತೋರ್ಸಲ್ಲ.”

ಅಂಜಿನಮ್ಮ “ಆಗ್ಲಿ ಬುದ್ದಿ” ಎಂದಳು. ಗಂಡ ಲಕ್ಕಣ್ಣ ರೈಲು ಹಳಿಯ ಕೆಲಸದಲ್ಲಿ ಸತ್ತು ಆಗ ಮೂರು ತಿಂಗಳು. ಕಣ್ಣು ಕಾಣದ ಅತ್ತೆ ಮನೆಯಲ್ಲಿ. ಅವತ್ತು ಅವಳಿಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳು. ಅನ್ನಿಸಿತು, ಅದನ್ನು ನುಂಗಿಕೊಂಡಳು. ಕೆಲಸ ಇವತ್ತಲ್ಲ ನಾಳೆ ಖಾಯಂ ಆಗುತ್ತದೆ ಎಂದು ವಾರ್ಡನ್ ಹೇಳಿದ್ದರು. ಖಾಯಂ ಆಗದಿದ್ದರೆ ಬೇಸಗೆ ರಜದಲ್ಲಿ ಗೇಟು ಮುಚ್ಚುತ್ತಾರೆ, ಎರಡು ತಿಂಗಳು ಕೂಳಿಲ್ಲ, ಜೂನಿನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಖಾಯಂ ಆದರೆ ಯಾರೂ ಎಬ್ಬಿಸುವ ಹಾಗಿಲ್ಲ. ಆ ಒಂದು ಮಾತಿನ ಹಿಂದೆ ಅವಳು ಏಳು ವರ್ಷ ನಡೆದಳು. ಪ್ರತಿ ವರ್ಷವೂ ವಾರ್ಡನ್ ಅದೇ ಮೆತ್ತನೆಯ ದನಿಯಲ್ಲಿ “ಈ ಸಲ ಆಗುತ್ತೆ” ಎನ್ನುತ್ತಿದ್ದರು.

ಕಾಗದದ ಮೇಲೆ ಅವಳು ‘ಅಡುಗೆ ಸಹಾಯಕಿ’. ಏಳು ವರ್ಷದಲ್ಲಿ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ಅನ್ನದ ಹಂಡೆ ಹೊರಗೆ ಬಂದ ಮೇಲೆ ಅದರ ಸೀಕಲು ಕೆರೆಯುವುದು ಅವಳ ಪಾಲು. ಕಕ್ಕಸು ತೊಳೆಯುವುದು, ಚರಂಡಿಯಲ್ಲಿ ಕಟ್ಟಿಕೊಂಡ ಮುಸುರೆಯನ್ನು ಕೈ ಹಾಕಿ ತೆಗೆಯುವುದು, ಹುಡುಗರು ವಾಂತಿ ಮಾಡಿಕೊಂಡ ಹಾಸಿಗೆ ಒಗೆಯುವುದು ಅವಳ ಪಾಲು. ಬಾಯಾರಿದರೆ ಹಿತ್ತಲ ಬಾಗಿಲಲ್ಲಿ ಬೊಗಸೆ ಒಡ್ಡಬೇಕು, ಮಲ್ಲಿಕಾರ್ಜುನಯ್ಯ ಮೇಲಿನಿಂದ ನೀರು ಹೊಯ್ಯುತ್ತಿದ್ದ. ಅವನಿಗೆ ಪುರುಸೊತ್ತಿಲ್ಲದ ದಿನ ತಟ್ಟೆ ಅದ್ದುವ ತೊಟ್ಟಿಯ ನೀರನ್ನೇ ಕುಡಿಯುತ್ತಿದ್ದಳು.

ಎಂಬತ್ತೆರಡರಲ್ಲಿ ಕರಿಯಣ್ಣ ಕೊನೆಯ ವರ್ಷದ ಬಿ.ಎ. ಓದುತ್ತಿದ್ದ. ಅಜ್ಜಂಪುರ ಹೋಬಳಿಯ ಒಂದು ಕೇರಿಯವನು. ಆ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ದಾಟಿದವನು ಅವನೊಬ್ಬನೇ. ಅಂಜಿನಮ್ಮನನ್ನು ದೊಡ್ಡವ್ವ ಎಂದು ಕರೆಯುತ್ತಿದ್ದ. ಭಾನುವಾರ ಹಿತ್ತಲಿಗೆ ಬಂದು, ಬೇಡ ಎಂದರೂ ಕೇಳದೆ, ಬಾವಿಯಿಂದ ನೀರು ಸೇದಿ ತೊಟ್ಟಿ ತುಂಬಿಸುತ್ತಿದ್ದ. ಅವನ ರೂಮಿನ ಜೊತೆಗಾರ ಷಡಕ್ಷರಿ, ಅಮೃತಾಪುರದ ರೈತರ ಮಗ. ಒಂದೇ ಸೋಪು, ಒಂದೇ ಬಾಚಣಿಗೆ, ಒಬ್ಬನ ಅಂಗಿ ಇನ್ನೊಬ್ಬನ ಮೈಮೇಲೆ. ಅವರಿಬ್ಬರನ್ನು ನೋಡಿದಾಗ ಅಂಜಿನಮ್ಮನಿಗೆ ಖುಷಿಯಾಗುತ್ತಿತ್ತು, ಹಿಂದೆಯೇ ಎಡಗಡೆಯ ತೊಟ್ಟಿಯ ಕಡೆ ಕಣ್ಣು ಹೋಗುತ್ತಿತ್ತು.

ಜನವರಿಯಲ್ಲಿ ಕರಿಯಣ್ಣನಿಗೆ ಜ್ವರ ಬಂತು. ಮಧ್ಯಾಹ್ನ ಷಡಕ್ಷರಿ ಹಿತ್ತಲಿಗೆ ಬಂದ. ಕರಿಯನಿಗೆ ಗಂಜಿ ಒಯ್ಯಬೇಕು, ಒಂದು ತಟ್ಟೆ ಕೊಡು ಎಂದವನು ಅವಳು ಕೊಡುವವರೆಗೂ ಕಾಯದೆ ತಾನೇ ಬಗ್ಗಿ ಬಲಗಡೆಯ ರಾಶಿಯಿಂದ ಒಂದನ್ನು ಎತ್ತಿಕೊಂಡ.

“ಅದಲ್ಲ ಕಣಪ್ಪ. ಅವಂದು ಈ ಕಡೇದು.”

ಅವಳು ಯೋಚಿಸಿ ಹೇಳಿದ ಮಾತಲ್ಲ ಅದು. ಏಳು ವರ್ಷದ ರೂಢಿ ಬಾಯಿಂದ ಬಂದಿತ್ತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಷಡಕ್ಷರಿ ಹುಬ್ಬು ಮೇಲೇರಿಸಿ ನಿಂತ. ತಟ್ಟೆಗೂ ಹೆಸರಿಟ್ಟಿದ್ದೀಯಾ ಎಂದು ಕೇಳಿದ. ಜ್ವರದವರಿಗೆಂದು ಬೇರೆ ಎತ್ತಿಟ್ಟಿದ್ದೇನೆ ಎಂದು ಅವಳು ಸುಳ್ಳು ಹೇಳಿದಳು. ಅವನು ನಂಬಿ ಎಡಗಡೆಯದನ್ನೇ ಎತ್ತಿಕೊಂಡ. ರೂಮಿಗೆ ಹೋಗಿ, ಅಂಜಿನಮ್ಮ ನಿನಗೆ ಸ್ಪೆಷಲ್ ತಟ್ಟೆ ಇಟ್ಟಿದ್ದಾಳೆ ಕಣೋ ಎಂದು ನಕ್ಕನಂತೆ. ನಗಬಲ್ಲವನು ಅವನು. ಅವನ ಜೀವಮಾನದಲ್ಲಿ ತಟ್ಟೆ ಲೋಟಗಳು ಅವನಿಗೆ ಏನೂ ಮಾಡಿರಲಿಲ್ಲ. ಕರಿಯಣ್ಣ ನಗಲಿಲ್ಲ. ಅವನೂರಿನ ಟೀ ಅಂಗಡಿಯಲ್ಲಿ ಕೇರಿಯವರ ಲೋಟಗಳನ್ನು ಸೂರಿನ ಸಂದಿಗೆ ಸಿಕ್ಕಿಸಿಡುತ್ತಿದ್ದರು, ಕುಡಿದವರೇ ತೊಳೆದು ಮತ್ತೆ ಸಿಕ್ಕಿಸಬೇಕಿತ್ತು. ಗಂಜಿ ಮುಗಿಸಿ ಅವನು ತಟ್ಟೆಯ ಅಂಚಿನ ಸುತ್ತ ಬೆರಳಾಡಿಸಿದ.

ಜ್ವರ ಬಿಟ್ಟ ದಿನ ಹಿತ್ತಲಿಗೆ ಬಂದ. ಕಾಲು ಇನ್ನೂ ನಡುಗುತ್ತಿತ್ತು. ತೊಳೆದಿಟ್ಟ ಎರಡೂ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ತಟ್ಟೆ ಎತ್ತಿ ಸವರಿ ನೋಡಿದ. ಅಂಜಿನಮ್ಮ ನಾರು ಹಿಡಿದುಕೊಂಡೇ ಕೂತಿದ್ದಳು.

“ಯಾರು ದೊಡ್ಡವ್ವ ಇದನ್ನ ವಿಂಗಡ್ಸೋದು?”

“ನಾನೇ ಕಣಪ್ಪ.”

“ನಾನು ಬಂದಾಗ್ಲಿಂದ್ಲೂ?”

“ಅದಕ್ಕೂ ಮುಂಚಿಂದ.”

ಅವನು ಬೈದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. ಅವನು ಬೈಯಲಿಲ್ಲ. ಎದ್ದು ವಾರ್ಡನ್ ರೂಮಿಗೆ ಹೋದ. ಗಂಗಾಧರಯ್ಯ ಅವನ ಹೆಗಲ ಮೇಲೆ ಕೈಯಿಟ್ಟು, ಅದು ತಟ್ಟೆಯ ನಂಬರು, ಬೇರೇನೂ ಅಲ್ಲ, ಪರೀಕ್ಷೆ ಹತ್ತಿರ ಬಂತು ಓದಿಕೋ ಎಂದರು. ಸ್ಕಾಲರ್‌ಶಿಪ್ಪಿನ ಅರ್ಜಿಗೆ ತಮ್ಮ ಸಹಿ ಇನ್ನೂ ಆಗಬೇಕು ಎಂಬುದನ್ನೂ ನೆನಪು ಮಾಡಿದರು. ಕರಿಯಣ್ಣ ಅಂದಿನಿಂದ ಊಟದ ಹಾಲಿಗೆ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬನ್ನು ತಿಂದು ಎಂಟು ದಿನ ಓಡಾಡಿದ. ಒಂಬತ್ತನೇ ದಿನ ಅವನ ಟ್ರಂಕು ಇರಲಿಲ್ಲ. ರಿಜಿಸ್ಟರಿನಲ್ಲಿ ‘ಅನಾರೋಗ್ಯದ ಕಾರಣ’ ಎಂದು ಬರೆದರು. ಷಡಕ್ಷರಿ ಎರಡು ಕಾಗದ ಹಾಕಿದ, ಉತ್ತರ ಬರಲಿಲ್ಲ. ಆಮೇಲೆ ಅವನಿಗೂ ಪರೀಕ್ಷೆಯ ತಲೆಬಿಸಿ ಹತ್ತಿತು.

ಅಂಜಿನಮ್ಮ ತಟ್ಟೆ ತೊಳೆಯುವುದನ್ನು ಬಿಡಲಿಲ್ಲ. ವಿಂಗಡಿಸುವುದನ್ನೂ ಬಿಡಲಿಲ್ಲ. ಹೊಟ್ಟೆಗೆ ಮಾನ ಇಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ವಿಂಗಡಿಸಿದಳು. ಎಡಗಡೆಯ ರಾಶಿಯಲ್ಲಿ ಈಗ ಒಂದು ತಟ್ಟೆ ಎಂಜಲಾಗದೆ ಬರುತ್ತಿತ್ತು. ಅದನ್ನೂ ತೊಳೆದಿಡುತ್ತಿದ್ದಳು.

ಒಂದು ತಿಂಗಳು ಕಳೆದ ಮೇಲೆ ನೆಂಟರ ಮನೆಯ ಸಾವಿಗೆಂದು ಬೀರೂರಿಗೆ ಹೋಗಬೇಕಾಯಿತು. ವಾಪಸು ಬರುವಾಗ ಗೂಡ್ಸ್ ಶೆಡ್ಡಿನ ಹತ್ತಿರ ಹಾದು ಬಂದಳು. ವ್ಯಾಗನ್ನಿನಿಂದ ಸಿಮೆಂಟು ಮೂಟೆ ಇಳಿಸುತ್ತಿದ್ದರು. ಬೆನ್ನು ಬಗ್ಗಿಸಿ ಹಲಗೆಯ ಮೇಲೆ ಇಳಿಯುತ್ತಿದ್ದವರಲ್ಲಿ ಒಬ್ಬ ಕರಿಯಣ್ಣ. ತಲೆಗೂದಲು, ರೆಪ್ಪೆ, ತುಟಿ ಎಲ್ಲ ಸಿಮೆಂಟಿನ ಬಣ್ಣಕ್ಕೆ ತಿರುಗಿದ್ದವು. ಅವಳು ಅಲ್ಲೇ ನಿಂತಳು. ಅವನು ಮೂಟೆ ಹಾಕಿ ಬಂದು ಅವಳ ಎದುರು ನಿಂತ. ಅತ್ತೆ ಹೇಗಿದ್ದಾಳೆ ಎಂದು ಕೇಳಿದ.

ಅವಳು ಅತ್ತಳು. ಪರೀಕ್ಷೆಗಾದರೂ ಬಂದು ಕೂರು, ಎರಡೇ ತಿಂಗಳು ಹಲ್ಲು ಕಚ್ಚಿಕೊಂಡಿದ್ದರೆ ಬಿ.ಎ. ಆಗುತ್ತಿತ್ತಲ್ಲಪ್ಪ ಎಂದಳು. ಅವನು ಟವೆಲಿನಿಂದ ಮುಖ ಒರೆಸಿಕೊಂಡ. ಒರೆಸಿಕೊಂಡ ಕಡೆ ಚರ್ಮ ಕೆಂಪಗೆ ಬಿರಿದಿತ್ತು.

“ಇಲ್ಲೂ ನೀರಿಗೆ ಬೊಗಸೆ ಒಡ್ಬೇಕು ದೊಡ್ಡವ್ವ. ಆದ್ರೆ ಇವ್ರು ಮಖದ ಮೇಲೇ ಹೇಳ್ತಾರೆ. ಅಲ್ಲಿ ಮೂರು ವರ್ಸ ನಕ್ಕೊಂಡು ಬಡ್ಸಿದ್ರು. ನಾನೂ ನಕ್ಕೊಂಡು ಉಂಡೆ. ಅದು ನೆನಪಾದ್ರೆ ತಿಂದ ಕೂಳು ಮೇಲಕ್ಕೆ ಬತ್ತದೆ.”

ಮೇಸ್ತ್ರಿ ಕೂಗಿದ. ಕರಿಯಣ್ಣ ಹೋಗಿ ಮುಂದಿನ ಮೂಟೆಗೆ ಬೆನ್ನು ಕೊಟ್ಟ.

ಮಾರ್ಚಿನಲ್ಲಿ ಹಾಸ್ಟೆಲ್ಲಿಗೆ ಸುಣ್ಣ ಹೊಡೆಯಲು ಶುರು ಮಾಡಿದರು. ಬೆಂಗಳೂರಿನಿಂದ ಇಲಾಖೆಯ ದೊಡ್ಡ ಅಧಿಕಾರಿ ಬರುತ್ತಾರೆ, ಹುಡುಗರ ಜೊತೆ ಸಹಪಂಕ್ತಿಯಲ್ಲಿ ಉಣ್ಣುತ್ತಾರೆ, ಫೋಟೋ ಆಗುತ್ತದೆ. ಗಂಗಾಧರಯ್ಯ ಅಂಜಿನಮ್ಮನನ್ನು ಆಫೀಸಿಗೆ ಕರೆಸಿ ಒಂದು ಟೈಪು ಮಾಡಿದ ಕಾಗದ ತೋರಿಸಿದರು. ಅವಳಿಗೆ ಓದು ಬಾರದು. ಅವರೇ ಅವಳ ಹೆಸರಿನ ಮೇಲೆ ಬೆರಳಿಟ್ಟು ಓದಿ ಹೇಳಿದರು. ಖಾಯಂ ಆರ್ಡರು. ಊಟ ಮುಗಿದ ಮೇಲೆ ಅಧಿಕಾರಿಯ ಕೈಯಿಂದಲೇ ಕೊಡಿಸುತ್ತೇನೆ, ಒಗೆದ ಸೀರೆ ಉಟ್ಟುಕೊಂಡು ಬಾ ಎಂದರು. ಏಳು ವರ್ಷ ಕಾದ ಕಾಗದ ಒಂದು ಮೊಳ ದೂರದಲ್ಲಿತ್ತು. ಅವಳು ಕೈ ಮುಗಿದಳು. ಸಂತೋಷವಾಗಲಿಲ್ಲ. ಸಂತೋಷ ಯಾಕೆ ಆಗಲಿಲ್ಲ ಎಂದು ಮನೆ ಸೇರುವವರೆಗೂ ಯೋಚಿಸುತ್ತ ನಡೆದಳು.

ಅಧಿಕಾರಿ ಬರುವ ಹಿಂದಿನ ದಿನ ಸೈಕಲ್ ಶಾಪಿನ ಕಲ್ಲೇಶಪ್ಪನ ಹತ್ತಿರ ಹೋಗಿ, ಕುಡುಗೋಲು ಮಸೆಯಬೇಕು ಎಂದು ಒಂದು ಅರ ಕೇಳಿ ತಂದಳು. ರಾತ್ರಿಯ ಊಟವಾದ ಮೇಲೆ ಹುಡುಗರೆಲ್ಲ ಮುಂಭಾಗದಲ್ಲಿ ತಳಿರು ಕಟ್ಟುತ್ತಿದ್ದರು. ಅವಳು ತಟ್ಟೆಗಳನ್ನು ತೊಳೆದು ಒರೆಸಿದಳು. ಆಮೇಲೆ ಬಲಗಡೆಯ ರಾಶಿಯನ್ನು ಮುಂದೆ ಎಳೆದುಕೊಂಡು, ಒಂದು ತಟ್ಟೆಯನ್ನು ಮಂಡಿಗಳ ನಡುವೆ ಒತ್ತಿ ಹಿಡಿದು, ಅಂಚಿನ ಮೇಲೆ ಅರ ಇಟ್ಟು ಎಳೆದಳು. ಅಲ್ಯುಮಿನಿಯಂ ಕಿರ್ ಎಂದಿತು. ಎರಡು ಸಲ ಎಳೆದದ್ದಕ್ಕೇ ಕಚ್ಚು ಬಿತ್ತು.

ಐವತ್ತನಾಲ್ಕು ತಟ್ಟೆ. ಹದಿನೈದು ಮುಗಿಯುವಷ್ಟರಲ್ಲಿ ಅಂಗೈಯ ಚರ್ಮ ಸುಲಿಯಿತು. ಸೆರಗು ಸುತ್ತಿಕೊಂಡು ಎಳೆದಳು. ಬೆರಳುಗಳು ಮರಗಟ್ಟಿದಾಗ ತೊಟ್ಟಿಯ ನೀರಿನಲ್ಲಿ ಅದ್ದಿ ಮತ್ತೆ ಎಳೆದಳು. ಅರ ಜಾರಿ ಎರಡು ಸಲ ತೊಡೆಗೆ ತಾಗಿತು. ಮಲ್ಲಿಕಾರ್ಜುನಯ್ಯ ಒಳಗಿನಿಂದಲೇ ಏನದು ಕಿರುಗುಡುವುದು ಎಂದು ಕೇಳಿದ. ಹಂಡೆಯ ಸೀಕಲು ಎಂದಳು. ಹಿತ್ತಲಿಗೆ ಇಣುಕುವ ಅಭ್ಯಾಸ ಅವನಿಗಿರಲಿಲ್ಲ, ಅವತ್ತು ಅದು ಅನುಕೂಲಕ್ಕೆ ಬಂತು. ಕೊನೆಯ ತಟ್ಟೆ ಮುಗಿಸಿ, ಹೊಸ ಕಚ್ಚು ಹೊಳೆಯದಂತೆ ಬೂದಿ ತಿಕ್ಕಿ, ಎಪ್ಪತ್ತನ್ನೂ ಕಲಸಿ, ಒಂದೇ ರಾಶಿ ಮಾಡಿಟ್ಟಳು.

ಮಾರನೆಯ ದಿನ ಅಧಿಕಾರಿ ಬಂದರು, ಹಾರ ಹಾಕಿಸಿಕೊಂಡರು, ಸಾಲಿನ ನಡುವೆ ಚಕ್ಕಳಮಕ್ಕಳ ಹಾಕಿ ಕೂತರು. ಮಲ್ಲಿಕಾರ್ಜುನಯ್ಯ ತಟ್ಟೆ ಎತ್ತಿಕೊಳ್ಳಲು ಹಿತ್ತಲ ಬಾಗಿಲಿಗೆ ಬಂದ. ಒಂದೇ ರಾಶಿ ಕಂಡು ಮೇಲಿನ ತಟ್ಟೆ ಸವರಿದ. ಕಚ್ಚು. ಅದರ ಕೆಳಗಿನದು ಸವರಿದ. ಕಚ್ಚು. ಹತ್ತು ತಟ್ಟೆ ಸವರುವಷ್ಟರಲ್ಲಿ ಅವನ ಮುಖದಲ್ಲಿ ಬೆವರಿಳಿಯಿತು. ಹೋಗಿ ವಾರ್ಡನ್ನರ ಕಿವಿಯಲ್ಲಿ ಊದಿದ. ಗಂಗಾಧರಯ್ಯ ನಗುಮುಖದಲ್ಲೇ ಎದ್ದು ಹಿತ್ತಲಿಗೆ ಬಂದರು.

“ಹಳೇವು ಯಾವುವು ಅಂಜಿನಮ್ಮ? ಬೇಗ ತೆಗೆದುಕೊಡು.”

“ನಂಗೂ ಗೊತ್ತಾಗಾಕಿಲ್ಲ. ಎಲ್ಲಾ ಒಂದೇ ಥರ ಕಚ್ತವೆ.”

ಬುದ್ದಿ ಎಂಬ ಮಾತು ಅವಳ ಬಾಯಿಗೆ ಬರಲಿಲ್ಲ. ಅದನ್ನು ಅವರೂ ಗಮನಿಸಿದರು. ಕೂಗಾಡುವವರಲ್ಲ ಅವರು. ಒಂದು ಗಳಿಗೆ ಅವಳನ್ನು ನೋಡಿ ಒಳಗೆ ಹೋದರು. ಜವಾನ ಸೈಕಲ್ ಹತ್ತಿ ಪೇಟೆಗೆ ಓಡಿದ. ಕಾಲು ಗಂಟೆಯಲ್ಲಿ ಮುತ್ತುಗದ ಎಲೆಯ ಕಟ್ಟು ಬಂತು. ವಿಶೇಷ ದಿನವಾದ್ದರಿಂದ ನಮ್ಮ ಪದ್ಧತಿಯಂತೆ ಎಲೆಯೂಟ ಎಂದು ವಾರ್ಡನ್ ಅಧಿಕಾರಿಗೆ ಹೇಳುವುದು ಹಿತ್ತಲಿಗೂ ಕೇಳಿಸಿತು. ಅಧಿಕಾರಿ ಬಹಳ ಸಂತೋಷ ಎಂದರು. ಬಡಿಸಿದರು, ಉಂಡರು, ಫೋಟೋ ಹೊಡೆದರು. ಅಂಜಿನಮ್ಮ ತೊಟ್ಟಿಯ ಕಟ್ಟೆಯ ಮೇಲೆ ಸೋತು ಕೂತಿದ್ದಳು. ಒಂದು ರಾತ್ರಿಯ ದುಡಿತ ಒಂದು ಎಲೆಗೆ ಮುಗಿದುಹೋಯಿತಲ್ಲ ಎಂದು ಅವಳಿಗೆ ಕಣ್ಣಲ್ಲಿ ನೀರು ಬಂತು.

ಊಟ ಮುಗಿದ ಮೇಲೆ ಗಂಗಾಧರಯ್ಯ ಮತ್ತೆ ಬಂದರು. ಸಭೆ ಅದೇ ಹಾಲಿನಲ್ಲಿ, ಅಧಿಕಾರಿ ಕೈ ತೊಳೆದು ಬರುವುದರೊಳಗೆ ನೆಲ ಸಾರಿಸಿರಬೇಕಿತ್ತು.

“ಎಲೆ ಎತ್ತಮ್ಮ. ತಟ್ಟೆ ವಿಷಯ ನಾನು ಮರ್ತುಬಿಡ್ತೀನಿ. ನಿನ್ನ ಆರ್ಡರು ಜೇಬಲ್ಲೇ ಇದೆ.”

ಅಂಜಿನಮ್ಮ ಎದ್ದಳು. ಅಡುಗೆಮನೆಯ ಹೊಸಿಲು ದಾಟಿದಳು, ಒಲೆಗಳ ಪಕ್ಕದಲ್ಲೇ ನಡೆದು ಹಾಲಿನ ಬಾಗಿಲಿಗೆ ಬಂದಳು. ಎರಡು ಸಾಲು ಎಂಜಲೆಲೆ. ಹುಡುಗರು ಏಳುತ್ತಿದ್ದರು. ಅಧಿಕಾರಿ ಟವೆಲಿನಿಂದ ಕೈ ಒರೆಸಿಕೊಳ್ಳುತ್ತಿದ್ದರು. ವಾರ್ಡನ್ ಹಿಂದೆಯೇ ಬಂದು ನಿಂತರು. ಅವಳು ಹುಡುಗರ ಕಡೆ ತಿರುಗಿದಳು.

“ಕರಿಯಣ್ಣ ಕಾಯ್ಲೆಯಿಂದ ಹೋಗ್ಲಿಲ್ಲ ಕಣ್ರಪ್ಪ. ನಿಮ್ ತಟ್ಟೆ ಬೇರೆ, ಕೇರಿ ಹುಡುಗ್ರು, ತಾಂಡಾದೋರು, ಸಾಬ್ರು ಉಣ್ಣೋ ತಟ್ಟೆ ಬೇರೆ. ಅಂಚಿಗೆ ಕಚ್ಚು ಹಾಕವ್ರೆ. ಏಳು ವರ್ಸ ವಿಂಗಡ್ಸಿಟ್ಟೋಳು ನಾನು. ವಿಂಗಡ್ಸು ಅಂದೋರು ಇವ್ರು. ನಿನ್ನೆ ಎಲ್ಲಾ ತಟ್ಟೆಗೂ ಕಚ್ಚು ಹಾಕ್ದೆ, ಅದಕ್ಕೇ ಇವತ್ತು ಎಲೆ ಬಂತು. ಈ ಎಲೆ ನಾನೆತ್ತಲ್ಲ. ಉಂಡೋರು ಎತ್ಲಿ.”

ಅಧಿಕಾರಿ ಗಂಗಾಧರಯ್ಯನ ಕಡೆ ತಿರುಗಿದರು. ಗಂಡ ಸತ್ತ ಮೇಲೆ ಆಕೆಗೆ ತಲೆ ಸರಿಯಿಲ್ಲ ಎಂದು ವಾರ್ಡನ್ ತಗ್ಗಿದ ದನಿಯಲ್ಲಿ ಹೇಳಿದರು. ಅಧಿಕಾರಿ ಗಡಿಯಾರ ನೋಡಿಕೊಂಡರು. ತರೀಕೆರೆಯಲ್ಲಿ ಇನ್ನೊಂದು ಕಾರ್ಯಕ್ರಮ ಇದೆ ಎಂದರು. ಸಭೆ ನಡೆಯಲಿಲ್ಲ, ಜೀಪು ಹೊರಟಿತು. ಗಂಗಾಧರಯ್ಯ ಜೇಬಿನಿಂದ ಕಾಗದ ತೆಗೆದು ಅವಳ ಎದುರಿಗೇ ನಾಲ್ಕು ಮಾಡಿ ಹರಿದರು. ಆಗಲೂ ದನಿ ಎತ್ತಲಿಲ್ಲ.

ಷಡಕ್ಷರಿ ತನ್ನ ಎಲೆಯನ್ನು ಮಡಿಸಿ ಕೈಯಲ್ಲಿ ಹಿಡಿದು ನಿಂತಿದ್ದ. ಮುಖ ಬಿಳುಚಿತ್ತು. ಆ ತಟ್ಟೆಯನ್ನು ಕರಿಯಣ್ಣನಿಗೆ ಕೊಂಡೊಯ್ದು ನಕ್ಕದ್ದು ಎಂಥದೆಂದು ಅವನಿಗೆ ಈಗ ಅರ್ಥವಾಗಿರಬೇಕು. ಅವಳ ಹತ್ತಿರ ಬಂದು ಇದನ್ನು ಎಲ್ಲಿ ಹಾಕಬೇಕು ಎಂದು ಕೇಳಿದ. ಮೂರು ವರ್ಷ ಉಂಡವನಿಗೆ ಎಂಜಲು ಎಲ್ಲಿಗೆ ಹೋಗುತ್ತದೆ ಎಂದು ಗೊತ್ತಿರಲಿಲ್ಲ.

“ಹುಡುಕ್ಕಳಪ್ಪ” ಎಂದು ಹೇಳಿ ಅಂಜಿನಮ್ಮ ಮುಂಬಾಗಿಲಿನಿಂದಲೇ ಹೊರಗೆ ನಡೆದಳು.

ಎಲೆ ಹಿಡಿದು ಅವನು ಹಿತ್ತಲಿಗೆ ಹೋದನಂತೆ. ಹಿಂದೆ ಕಚ್ಚು ತಟ್ಟೆಯ ಹುಡುಗರು ಹೋದರಂತೆ. ಮಿಕ್ಕವರು ಕೈ ತೊಳೆದು ರೂಮು ಸೇರಿಕೊಂಡರು. ಐವತ್ತರ ಮೇಲೆ ಎಲೆ ಹಾಲಿನಲ್ಲೇ ಉಳಿದವು. ಹೊತ್ತಿಳಿಯುವಾಗ ಜವಾನ ಕೇರಿಗೆ ಬಂದು ಅಂಜಿನಮ್ಮನ ಪಕ್ಕದ ಮನೆಯ ಲಿಂಗಮ್ಮನನ್ನು ಕರೆದ. ಕೆಲಸ ಖಾಲಿಯಿದೆ, ಇವತ್ತಿನಿಂದಲೇ ಬರಬಹುದು, ವಾರ್ಡನ್ನರು ಹೇಳಿ ಕಳಿಸಿದ್ದಾರೆ ಎಂದ. ಲಿಂಗಮ್ಮನಿಗೆ ನಾಲ್ಕು ಮಕ್ಕಳು, ಗಂಡ ಮಲಗಿದ ಕಡೆಯೇ ಮಲಗಿ ವರ್ಷವಾಗಿತ್ತು. ಅಂಜಿನಮ್ಮ ತನ್ನ ಬಾಗಿಲಲ್ಲಿ ಅಂಗೈಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಳು. ಹಸಿದವಳಿಗೆ ಹೋಗಬೇಡ ಎನ್ನಲು ತಾನು ಯಾರು ಎಂದು ನೆಲ ನೋಡಿದಳು.

ಲಿಂಗಮ್ಮ ಆ ಬಟ್ಟೆ ಕಟ್ಟಿದ ಕೈಯನ್ನೇ ನೋಡುತ್ತ, ಏನು ಕೆಲಸ ಎಂದು ಜವಾನನನ್ನು ಕೇಳಿದಳು. ಮೊದಲು ಎಲೆ ಎತ್ತಬೇಕು ಎಂದ.

“ಉಂಡೋರು ಏನ್ ಮಾಡ್ತಾವ್ರೆ?”

“ಓದ್ಕಳ್ತಾವ್ರೆ.”

“ಓದು ಮುಗುದ್ಮೇಲೆ ಎತ್ಲಿ ಬುಡು” ಎಂದು ಲಿಂಗಮ್ಮ ಒಳಗೆ ಹೋದಳು. ಜವಾನ ಇನ್ನೂ ಮೂರು ಮನೆಯ ಬಾಗಿಲು ತಟ್ಟಿದ. ಕತ್ತಲಾಗುವ ಮೊದಲು ಸೈಕಲ್ ತಳ್ಳಿಕೊಂಡು ಒಬ್ಬನೇ ವಾಪಸು ಹೋದ.